ಹಿತ್ತಲ ಮೀನುಕೊಳದಲ್ಲಿ ಹಬ್ಬುವ ನೀರುಗಿಡಗಳು: ಎಷ್ಟು ಬಿಡಬೇಕು, ಹೇಗೆ ತೆಗೆಯಬೇಕು

ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡೂವರೆ ಅಡಿ ನೀರು. ಹಿತ್ತಲಲ್ಲಿ ಮೀನು ಸಾಕುವವರ ಕೊಳ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಸಿಮೆಂಟಿನದಾಗಲಿ, ಸಿಲ್ಪಾಲಿನ್ ಹಾಳೆ ಹಾಸಿದ್ದಾಗಲಿ, ಅದರಲ್ಲಿ ಸುಮಾರು 4,250 ಲೀಟರ್ ನೀರು ನಿಲ್ಲುತ್ತದೆ. ಮೇಲ್ಮೈ 60 ಚದರ ಅಡಿ. ನರ್ಸರಿಯಿಂದ ತಂದುಬಿಟ್ಟ ವಾಟರ್ ಹಯಸಿಂತ್ ಅದರಲ್ಲಿ ಒಂದು ಚದರ ಅಡಿ ಜಾಗ ಹಿಡಿದು ತೇಲುತ್ತಿದೆ ಎಂದಿಟ್ಟುಕೊಳ್ಳಿ. ಮಾರ್ಚ್–ಏಪ್ರಿಲ್ ಬಿಸಿಲೂ ಮೀನಿನ ಹಿಕ್ಕೆ ಕರಗಿದ ನೀರೂ ಸೇರಿದರೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆ. ಆರು ಸಲ ಇಮ್ಮಡಿಯಾದರೆ 64 ಚದರ ಅಡಿ. ಅಂದರೆ ಎರಡು ತಿಂಗಳಲ್ಲಿ ಕೊಳ ಮುಚ್ಚಿಹೋಗುತ್ತದೆ.

ಈ ಲೆಕ್ಕದಲ್ಲಿ ಮೋಸ ಮಾಡುವುದು ಕೊನೆಯ ಹತ್ತು ದಿನ. ಐವತ್ತನೆಯ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಕೊಳ ಖಾಲಿಯೇ ಕಾಣುತ್ತದೆ. ‘ಇನ್ನೂ ಅರ್ಧ ಜಾಗ ಇದೆಯಲ್ಲ, ಆಮೇಲೆ ನೋಡೋಣ’ ಅಂದುಕೊಂಡವರಿಗೆ ಅರುವತ್ತನೆಯ ದಿನ ನೀರೇ ಕಾಣುವುದಿಲ್ಲ. ಹಸಿರು ಚುಕ್ಕೆಗಳಂತೆ ನೀರಿನ ಮೇಲೆ ತೇಲುವ ಪುಟ್ಟ ಡಕ್‌ವೀಡ್ ಆದರೆ ಅಷ್ಟೂ ಪುರಸೊತ್ತು ಕೊಡುವುದಿಲ್ಲ. ಹದವಾದ ನೀರಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುವ ಗಿಡ ಅದು. ಗುರುವಾರ ಅರ್ಧ ಇದ್ದದ್ದು ಭಾನುವಾರಕ್ಕೆ ಪೂರ್ತಿ.

ಹಾಗೆಂದು ಒಂದೂ ಗಿಡ ಇಲ್ಲದ ಕೊಳ ಒಳ್ಳೆಯದಲ್ಲ. ಬೇಸಿಗೆಯಲ್ಲಿ ಮೀನಿಗೆ ನೆರಳು ಬೇಕು, ನೀರಿನಲ್ಲಿ ಕರಗಿದ ಗೊಬ್ಬರವನ್ನು ಯಾರಾದರೂ ಹೀರಬೇಕು. ಗಿಡ ಹೀರದಿದ್ದರೆ ಪಾಚಿ ಹೀರುತ್ತದೆ, ನೀರು ಹಸಿರು ಗಂಜಿಯಾಗುತ್ತದೆ. ಆದ್ದರಿಂದ ಗಿಡವನ್ನು ಪೂರ್ತಿ ಕೊಲ್ಲುವ ಯೋಚನೆ ಬಿಟ್ಟು, ಬೆಳೆದ ಪಾಲನ್ನು ವಾರವಾರ ಕೊಯ್ದು ಹೊರಗೆ ಹಾಕುವ ಅಭ್ಯಾಸ ಮಾಡಿಕೊಳ್ಳಬೇಕು. ತೇಲುವ ಗಿಡಗಳು ಮೇಲ್ಮೈಯ ಮೂರನೇ ಒಂದು ಪಾಲು ದಾಟಬಾರದು. ತಾವರೆ, ನೈದಿಲೆ ಎಲೆಗಳನ್ನೂ ಸೇರಿಸಿಕೊಂಡರೆ ಅರ್ಧದವರೆಗೆ ಪರವಾಗಿಲ್ಲ. ಏಪ್ರಿಲ್–ಮೇಯಲ್ಲಿ ಸ್ವಲ್ಪ ಹೆಚ್ಚೇ ಇರಲಿ. ಮೋಡ ಕವಿದ ಜುಲೈ–ಆಗಸ್ಟ್‌ನಲ್ಲಿ ಕಡಿಮೆ ಮಾಡಿ.

ಗಿಡ ಬೆಳೆಯುವುದು ಮೀನಿನ ಆಹಾರದಿಂದ

ಹಬ್ಬುವ ವೇಗವನ್ನು ನಿರ್ಧರಿಸುವುದು ನಿಮ್ಮ ಕೈಯಲ್ಲಿರುವ ಆಹಾರದ ಡಬ್ಬ. ಮೇಲಿನ ಕೊಳದಲ್ಲಿ ತಲಾ 40 ಗ್ರಾಂ ತೂಗುವ 15 ಗೋಲ್ಡ್‌ಫಿಶ್ ಇದ್ದರೆ ಒಟ್ಟು ಮೀನು 600 ಗ್ರಾಂ. ದಿನಕ್ಕೆ ಮೈತೂಕದ ಶೇ 2, ಅಂದರೆ 12 ಗ್ರಾಂ ಆಹಾರ ಸಾಕು. ಆದರೆ ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಎಸೆಯುವವರು ಸುಲಭವಾಗಿ 20 ಗ್ರಾಂ ಹಾಕಿರುತ್ತಾರೆ. ಶೇ 30 ಪ್ರೋಟೀನ್ ಇರುವ ಆಹಾರ ದಿನಕ್ಕೆ 20 ಗ್ರಾಂ ಎಂದರೆ ತಿಂಗಳಿಗೆ 600 ಗ್ರಾಂ. ಅದರಲ್ಲಿ ಪ್ರೋಟೀನ್ 180 ಗ್ರಾಂ, ಸಾರಜನಕ ಸುಮಾರು 29 ಗ್ರಾಂ. ಮೀನಿನ ಮೈಗೆ ಸೇರುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಉಳಿದ 20 ಗ್ರಾಂನಷ್ಟು ಸಾರಜನಕ ನೀರಿಗೇ ಬರುತ್ತದೆ.

ಹಸಿ ಹಯಸಿಂತ್ ಗಿಡದಲ್ಲಿ ಶೇ 90ರಿಂದ 95 ಬರೀ ನೀರು. ಒಂದು ಕಿಲೋ ಗಿಡ ಎತ್ತಿ ಹಾಕಿದರೆ ಹೊರಹೋಗುವ ಸಾರಜನಕ ಒಂದು, ಒಂದೂವರೆ ಗ್ರಾಂ ಮಾತ್ರ. ಹೀಗಾಗಿ ಆ 20 ಗ್ರಾಂ ತೆಗೆಯಲು ತಿಂಗಳಿಗೆ 15 ಕಿಲೋದಷ್ಟು ಗಿಡ ಕೊಯ್ಯಬೇಕು, ಅಂದರೆ ವಾರಕ್ಕೆ ಸುಮಾರು ನಾಲ್ಕು ಕಿಲೋ. ಕೊಳದ ತಳದ ಬ್ಯಾಕ್ಟೀರಿಯಾ ಸ್ವಲ್ಪ ಸಾರಜನಕವನ್ನು ಗಾಳಿಗೆ ಬಿಡುತ್ತವೆ, ಹಾಗಾಗಿ ಲೆಕ್ಕ ಗ್ರಾಂ ಗ್ರಾಂಗೂ ತಾಳೆಯಾಗುವುದಿಲ್ಲ. ಆದರೂ ಅಂದಾಜು ಸರಿ. ಆಹಾರವನ್ನು 12 ಗ್ರಾಂಗೆ ಇಳಿಸಿದರೆ ಕೊಯ್ಯುವ ಕೆಲಸವೂ ವಾರಕ್ಕೆ ಎರಡು ಎರಡೂವರೆ ಕಿಲೋಗೆ ಇಳಿಯುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ 12 ಗ್ರಾಂ ತೂಗಿ ನೋಡಿ, ಅದು ಯಾವ ಚಮಚದಲ್ಲಿ ಎಷ್ಟು ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ. ಐದು ನಿಮಿಷದಲ್ಲಿ ಮೀನು ತಿಂದು ಮುಗಿಸದೆ ತೇಲುತ್ತಿರುವುದೆಲ್ಲ ಗಿಡಕ್ಕೆ ಹಾಕಿದ ಗೊಬ್ಬರವೇ.

ನೀರಿನ ಸ್ಥಿತಿ ತಿಳಿಯಲು ಪರೀಕ್ಷೆಯ ಕಿಟ್ ಇಲ್ಲದಿದ್ದರೂ ನಡೆಯುತ್ತದೆ. ಒಂದು ಹಯಸಿಂತ್ ಗಿಡವನ್ನು ಎತ್ತಿ ಬೇರು ನೋಡಿ. ನೇರಳೆಗಪ್ಪು ಬಣ್ಣದ, ಗರಿಯಂತೆ ಕವಲೊಡೆದ ಬೇರು ಒಂದು ಅಡಿಗೂ ಉದ್ದ ಇಳಿಬಿದ್ದು, ಎಲೆ ಕುಳ್ಳಗಿದ್ದರೆ ನೀರಿನಲ್ಲಿ ಗೊಬ್ಬರ ಕಡಿಮೆ. ಗಿಡ ಹುಡುಕಿ ಹುಡುಕಿ ಹೀರುತ್ತಿದೆ. ಬೇರು ನಾಲ್ಕೈದು ಇಂಚಿಗೇ ನಿಂತು ಎಲೆ ಮಾತ್ರ ಸೊಕ್ಕಿ ಎದ್ದಿದ್ದರೆ ನೀರಿನಲ್ಲಿ ಉಣ್ಣಲು ಬೇಕಾದಷ್ಟಿದೆ ಎಂದರ್ಥ. ಆಗ ಮೊದಲು ಆಹಾರ ತಗ್ಗಿಸಿ, ವಾರಕ್ಕೆ ಶೇ 10ರಿಂದ 15 ನೀರು ಬದಲಿಸಿ. ತೆಗೆದ ನೀರು ಬಾಳೆ, ಕರಿಬೇವಿನ ಬುಡಕ್ಕೆ ಹೋಗಲಿ. ಬೆಂಗಳೂರಿನ ಕಾವೇರಿ ನೀರಿನಂತೆ ಕ್ಲೋರಿನ್ ಹಾಕಿದ ನೀರಾದರೆ ತೆರೆದ ತೊಟ್ಟಿಯಲ್ಲಿ ಒಂದು ದಿನ ಬಿಟ್ಟು ಬಳಸಿ.

ಆಹಾರ ಬಿಟ್ಟು ಬೇರೆ ದಾರಿಗಳೂ ಇವೆ. ಗುಲಾಬಿ ಕುಂಡಕ್ಕೆ ಹಾಕಿದ ಗೊಬ್ಬರ ಮಳೆಯಲ್ಲಿ ತೊಳೆದು ಬರುತ್ತದೆ, ಗೋಬರ್ ಗ್ಯಾಸಿನ ಬಗ್ಗಡ, ಜೀವಾಮೃತ ಸುರಿದ ಪಾತಿಯ ನೀರು ಇಳಿಯುತ್ತದೆ, ಮಾವು ಹೊಂಗೆಯ ಎಲೆ ಉದುರಿ ತಳದಲ್ಲಿ ಕೊಳೆಯುತ್ತದೆ. ಕೊಳದ ಅಂಚನ್ನು ಸುತ್ತಲಿನ ನೆಲಕ್ಕಿಂತ ನಾಲ್ಕು ಇಂಚು ಎತ್ತರಿಸಿದರೆ ಇದರಲ್ಲಿ ಬಹುಪಾಲು ನಿಲ್ಲುತ್ತದೆ.

ನೀರಿನ ಮೇಲೆ ತೇಲುವ ಪುಟ್ಟ ಜರಿಗಿಡ ಅಜೋಲಾ ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಬಗ್ಗುವುದಿಲ್ಲ. ಅದರ ಎಲೆಯೊಳಗೆ ವಾಸಿಸುವ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನೇ ಹಿಡಿದುಕೊಡುವುದರಿಂದ ನೀರಿನಲ್ಲಿ ಸಾರಜನಕ ತಗ್ಗಿದರೂ ಅದು ಬೆಳೆಯುತ್ತದೆ. ಅದಕ್ಕೆ ಕಡಿವಾಣ ರಂಜಕ. ಹಸುವಿಗೆಂದು ಅಜೋಲಾ ಬೆಳೆಸುವವರು ತೊಟ್ಟಿಗೆ ಸೂಪರ್ ಫಾಸ್ಫೇಟ್ ಹಾಕುವುದು ಇದಕ್ಕೇ. ಹಿತ್ತಲ ಕೊಳದಲ್ಲಿ ಅಜೋಲಾ ದಪ್ಪ ಚಾಪೆಯಾಗಿ ಹಸಿರಾಗಿಯೇ ಇದ್ದರೆ ಎಲ್ಲಿಂದಲೋ ರಂಜಕ ಬರುತ್ತಿದೆ: ಹೆಚ್ಚಾದ ಮೀನಿನ ಆಹಾರ, ಸೆಗಣಿ, ಸೋಪಿನ ನೀರು. ಚಿಕ್ಕದಾಗಿ, ಕೆಂಪು ತಿರುಗಿ ಬೆಳೆಯದೆ ನಿಂತರೆ ರಂಜಕ ಮುಗಿಯುತ್ತಿರಬಹುದು. ಬಿರುಬಿಸಿಲಿಗೂ ಚಳಿಗೂ ಕೆಂಪಾಗುವುದುಂಟು, ಅದನ್ನೂ ನೋಡಿಕೊಳ್ಳಿ.

ಕೊಯ್ಯುವ ಕ್ರಮ

ಒಂದೇ ದಿನ ಎಲ್ಲವನ್ನೂ ಕಿತ್ತು ಬಿಸಾಡುವುದು ನಾವು ಕಾಣುವ ದೊಡ್ಡ ತಪ್ಪು. ಗಿಡ ಹೋಯಿತು, ಗೊಬ್ಬರ ನೀರಿನಲ್ಲೇ ಉಳಿಯಿತು, ಬಿಸಿಲು ನೇರ ತಳಕ್ಕೆ ಬಿತ್ತು. ವಾರದೊಳಗೆ ನೀರು ಹಸಿರಾಗುತ್ತದೆ, ನೂಲಿನಂಥ ಪಾಚಿ ಗೋಡೆ ಹಿಡಿಯುತ್ತದೆ. ಒಂದು ಸಲಕ್ಕೆ ಇರುವುದರಲ್ಲಿ ಮೂರನೇ ಒಂದು ಪಾಲು ಮಾತ್ರ ತೆಗೆಯಿರಿ. ಕೊಳ ಪೂರ್ತಿ ಮುಚ್ಚಿಹೋಗಿದ್ದರೂ ಅಷ್ಟೇ: ಒಂದು ಪಾಲು ತೆಗೆದು ಮೂರ್ನಾಲ್ಕು ದಿನ ಬಿಟ್ಟು ಮುಂದಿನ ಪಾಲು.

ಹೊತ್ತೂ ಮುಖ್ಯ. ರಾತ್ರಿಯೆಲ್ಲ ಗಿಡವೂ ಮೀನೂ ಉಸಿರಾಡಿ, ನೀರಿನ ಆಮ್ಲಜನಕ ತೀರಾ ತಳಕ್ಕಿಳಿಯುವುದು ಬೆಳಗಿನ ಜಾವ. ಆ ಹೊತ್ತಿನಲ್ಲಿ ಕೊಳಕ್ಕಿಳಿದು ರಾಡಿ ಎಬ್ಬಿಸಿದರೆ ತಳದ ಕಪ್ಪು ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಏಳುತ್ತದೆ, ಇದ್ದಬದ್ದ ಆಮ್ಲಜನಕವೂ ಖರ್ಚಾಗುತ್ತದೆ. ಬೆಳಿಗ್ಗೆ ಹತ್ತರ ಮೇಲೆ, ಬಿಸಿಲು ಬಿದ್ದ ಮೇಲೆ ಕೈ ಹಾಕಿ. ಕಾರಂಜಿ ಪಂಪು ಇದ್ದರೆ ಕೆಲಸ ಮುಗಿಯುವವರೆಗೂ ಓಡುತ್ತಿರಲಿ.

ಹಯಸಿಂತ್ ಎಳೆಯುವಾಗ ಎಲೆ ಹಿಡಿದು ಎಳೆಯಬೇಡಿ, ಬುಡಕ್ಕೆ ಕೈ ಹಾಕಿ. ತಾಯಿಗಿಡದಿಂದ ಮರಿಗೆ ಹೋಗುವ ದಪ್ಪ ದಂಟು ಪಟಕ್ಕನೆ ಮುರಿಯುತ್ತದೆ. ಮುರಿದು ಉಳಿದ ಮರಿ ಮತ್ತೆ ತಾಯಿಯಾಗುತ್ತದೆ. ದೊಡ್ಡ ಗಿಡಗಳನ್ನು ತೆಗೆದು ಎಳೆಯವನ್ನು ಉಳಿಸಿ. ಎಳೆಯ ಗಿಡ ಹೆಚ್ಚು ಹೀರುತ್ತದೆ; ಹಳೆಯದು ಕೆಳಗಿನ ಎಲೆ ಕೊಳೆಸಿಕೊಂಡು ಹೀರಿದ್ದನ್ನು ವಾಪಸು ಬಿಡುತ್ತದೆ. ನೇರಳೆ ಹೂವಿನ ಗೊನೆ ಬಾಡಿದ ಕೂಡಲೇ ಕತ್ತರಿಸಿ. ಹೂ ಬಾಡಿದ ಮೇಲೆ ಆ ದಂಟು ಬಾಗಿ ನೀರಿಗೆ ಇಳಿದು ಬೀಜ ಉದುರಿಸುತ್ತದೆ, ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.

ಎತ್ತಿದ ಗಿಡವನ್ನು ನೇರ ದಂಡೆಗೆ ಎಸೆಯಬಾರದು. ಬೇರಿನ ತುಂಬ ಗಪ್ಪಿ ಮರಿ, ಕೊಡತಿಹುಳುವಿನ ಮರಿ, ಬಸವನಹುಳು ಇರುತ್ತವೆ. ಕೊಳದ ನೀರೇ ತುಂಬಿದ ಬಕೆಟ್ಟಿನಲ್ಲಿ ಗಿಡವನ್ನು ನಾಲ್ಕೈದು ಸಲ ಅದ್ದಿ ಅಲುಗಿಸಿ, ಆ ನೀರನ್ನು ಕೊಳಕ್ಕೇ ಸುರಿಯಿರಿ. ಗೋಲ್ಡ್‌ಫಿಶ್ ಇರುವ ಕೊಳದಲ್ಲಿ ಬೇರನ್ನು ಬೆಳಕಿಗೆ ಹಿಡಿದು ನೋಡಿ: ಸಾಸಿವೆಗಿಂತ ತುಸು ಸಣ್ಣ, ಜೇನುಬಣ್ಣದ ಪಾರದರ್ಶಕ ಮಣಿಗಳು ಅಂಟಿದ್ದರೆ ಅವು ಮೊಟ್ಟೆ. ಬೆಳ್ಳಗಾಗಿ ಮಂಕಾದವು ಸತ್ತಿವೆ. ಮೊಟ್ಟೆ ಇರುವ ಗಿಡವನ್ನು ಕೊಳದ ನೀರು ತುಂಬಿದ ಟಬ್ಬಿನಲ್ಲಿ ನಾಲ್ಕೈದು ದಿನ ನೆರಳಲ್ಲಿಡಿ, ಮರಿ ಒಡೆದ ಮೇಲೆ ಗಿಡ ಬಿಸಾಡಿ.

ಎಳೆಯ ಕೋಸಿನಂತೆ ಎಲೆ ಜೋಡಿಸಿಕೊಂಡು ತೇಲುವ ಅಂತರಗಂಗೆಯನ್ನು ಎಳೆಯುವುದು ಸುಲಭ, ಕೈಗೆ ಇಡೀ ಬರುತ್ತದೆ. ಆದರೆ ಅದನ್ನು ಹೆಚ್ಚು ಬಿಡಬಾರದೆನ್ನಲು ಬೇರೆಯೇ ಕಾರಣವಿದೆ. ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಮರಿ ಉಸಿರಿಗಾಗಿ ನೀರಿನ ಮೇಲೆ ಬರುವುದೇ ಇಲ್ಲ. ಅಂತರಗಂಗೆಯ, ಹಯಸಿಂತ್‌ನ ಬೇರಿಗೆ ತನ್ನ ನಳಿಕೆ ಚುಚ್ಚಿ ಗಿಡದೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟಿದ್ದೇವೆ, ಸೊಳ್ಳೆ ಬರುವುದಿಲ್ಲ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ, ದಟ್ಟ ಬೇರಿನ ಒಳಗೆ ಮೀನಿನ ಬಾಯಿ ಹೋಗುವುದಿಲ್ಲ. ಕೇರಳದ ಚೇರ್ತಲ ಭಾಗದಲ್ಲಿ ಆನೆಕಾಲು ರೋಗ ಹರಡುತ್ತಿದ್ದುದು ಈ ಸೊಳ್ಳೆಯಿಂದ, ಅಲ್ಲಿ ರೋಗ ತಡೆಗೆ ಕೆರೆಕುಂಟೆಗಳಿಂದ ಅಂತರಗಂಗೆ ಕೀಳುವುದೂ ಒಂದು ಮುಖ್ಯ ಕ್ರಮವಾಗಿತ್ತು. ಕರಾವಳಿಯ ಹಿತ್ತಲುಗಳಲ್ಲಿ ಈ ಗಿಡ ಇಡಲೇಬೇಕೆಂದರೆ ಹತ್ತು ಹನ್ನೆರಡಕ್ಕೆ ಮಿತಿ ಮಾಡಿ, ವಾರಕ್ಕೊಮ್ಮೆ ಬೇರು ಜಾಲಾಡಿಸಿ.

ಡಕ್‌ವೀಡ್ ಕೈಯಿಂದ ತೆಗೆಯುವ ಗಿಡವಲ್ಲ. ಕೊಳದ ಅಗಲಕ್ಕಿಂತ ಎರಡು ಇಂಚು ಕಡಿಮೆ ಉದ್ದದ ಒಂದಿಂಚಿನ ಪಿವಿಸಿ ಪೈಪು ತೆಗೆದುಕೊಳ್ಳಿ, ಎರಡೂ ತುದಿ ಮುಚ್ಚಿ. ನೀರಿನ ಮೇಲೆ ಅಡ್ಡ ತೇಲಿಬಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಳ್ಳಿಕೊಂಡು ಹೋಗಿ. ಗಾಳಿ ಬೀಸುವ ದಿಕ್ಕಿಗೇ ತಳ್ಳಿದರೆ ಅರ್ಧ ಕೆಲಸ ಗಾಳಿಯೇ ಮಾಡುತ್ತದೆ. ಮೂಲೆಯಲ್ಲಿ ದಪ್ಪವಾಗಿ ಸೇರಿದ ಮೇಲೆ, ಹಳೆಯ ಸೊಳ್ಳೆಪರದೆಯನ್ನು ತಂತಿಯ ಚೌಕಟ್ಟಿಗೆ ಹೊಲಿದು ಮಾಡಿದ ಜರಡಿಯಿಂದ ಮೊಗೆಯಿರಿ. ಮೀನಂಗಡಿಯ ಅಗಲ ಕಣ್ಣಿನ ಬಲೆಯಲ್ಲಿ ಅರ್ಧ ಸೋರಿಹೋಗುತ್ತದೆ. ಹೀಗೆ ಒಂದು ದಿನ ಬಿಟ್ಟು ಒಂದು ದಿನ ಮಾಡಿದರೆ ಹತೋಟಿಗೆ ಬರುತ್ತದೆ. ವಾರಕ್ಕೊಮ್ಮೆ ಮಾಡಿದರೆ ಬರುವುದಿಲ್ಲ, ಏಕೆಂದರೆ ವಾರದಲ್ಲಿ ಅದು ಎರಡು ಮೂರು ಸಲ ಇಮ್ಮಡಿಯಾಗಿರುತ್ತದೆ. ಕೊಳದ ಅಂಚಿನ ಕಲ್ಲಿನ ಸಂದಿ, ಕುಂಡದ ಕಂಠ, ಪಂಪಿನ ಹಿಂಭಾಗ, ನೈದಿಲೆ ಎಲೆಯ ಮೇಲ್ಮೈ, ಇವೆಲ್ಲ ಅಡಗುವ ಜಾಗಗಳು. ಪೈಪಿನಿಂದ ನೀರು ಬಿಟ್ಟು ತೊಳೆದು ನಡುವಿಗೆ ತನ್ನಿ. ಗೋಲ್ಡ್‌ಫಿಶ್ಶೂ ಕೊಯ್ ಮೀನೂ ಡಕ್‌ವೀಡನ್ನು ಖುಷಿಯಿಂದ ತಿನ್ನುತ್ತವೆ. ಒಂದು ದಿನ ಒಣ ಆಹಾರ ನಿಲ್ಲಿಸಿದರೆ ಇನ್ನೂ ಚೆನ್ನಾಗಿ ತಿನ್ನುತ್ತವೆ.

ಚೌಕಟ್ಟು ಹಾಕಿ ಬೆಳೆಸುವುದು

ತೇಲುವ ಗಿಡ ಬೇಕು, ಹಬ್ಬಬಾರದು ಎನ್ನುವವರಿಗೆ ತೇಲುವ ಚೌಕಟ್ಟಿನಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಎರಡೂವರೆ ಅಡಿಯ ನಾಲ್ಕು ತುಂಡು ಒಂದಿಂಚಿನ ಪಿವಿಸಿ ಪೈಪು, ನಾಲ್ಕು ಎಲ್ಬೋ, ಸ್ವಲ್ಪ ಸಾಲ್ವೆಂಟ್ ಗೋಂದು. ಜೋಡಿಸಿ ಒಂದು ದಿನ ಒಣಗಲು ಬಿಟ್ಟು, ನೀರಿನಲ್ಲಿ ಒತ್ತಿ ಹಿಡಿದು ಗುಳ್ಳೆ ಬರುತ್ತದೆಯೇ ನೋಡಿ. ಸೋರುವ ಚೌಕಟ್ಟು ನೀರು ಕುಡಿದು ಓರೆಯಾಗಿ ಮುಳುಗುತ್ತದೆ, ಗಿಡ ಆ ಕಡೆಯಿಂದ ಹೊರಬೀಳುತ್ತದೆ. ಒಂದು ಚೌಕಟ್ಟಿನೊಳಗೆ ಸುಮಾರು ಆರು ಚದರ ಅಡಿ ಜಾಗ ಸಿಗುತ್ತದೆ. ನಮ್ಮ ಲೆಕ್ಕದ ಕೊಳಕ್ಕೆ ಇಂಥವು ಎರಡು ಸಾಕು. ನೈಲಾನ್ ದಾರ ಕಟ್ಟಿ ತಳದಲ್ಲಿಟ್ಟ ಇಟ್ಟಿಗೆಗೆ ಬಿಗಿಯಿರಿ, ಮಳೆಗೆ ನೀರು ಏರಿದಾಗ ಚೌಕಟ್ಟೂ ಏರಲು ಅರ್ಧ ಅಡಿ ದಾರ ಸಡಿಲ ಇರಲಿ.

ಚೌಕಟ್ಟಿನೊಳಗೆ ಗಿಡ ಒಂದಕ್ಕೊಂದು ಒತ್ತಿ ಮೇಲೇಳತೊಡಗಿದರೆ ಕೊಯ್ಲಿಗೆ ಬಂತೆಂದು ಅರ್ಥ. ಅರ್ಧ ತೆಗೆಯಿರಿ. ಹಯಸಿಂತ್, ಅಂತರಗಂಗೆಗೆ ಇದು ಪಕ್ಕಾ ಸಾಕು. ಡಕ್‌ವೀಡ್, ಅಜೋಲಾಗೆ ಸಾಲದು, ಜೋರು ಮಳೆಗೆ ಪೈಪಿನ ಮೇಲಿಂದಲೇ ಹಾರಿಹೋಗುತ್ತವೆ. ಅವು ಬೇಕಿದ್ದರೆ ಬೇರೆ ಟಬ್ಬಿನಲ್ಲಿ ಬೆಳೆಸಿ ಮೀನಿಗೆ ತಂದು ಹಾಕಿ.

ತಾವರೆಯ ವಿಷಯ ಬೇರೆ. ಅದು ಹಬ್ಬುವುದು ಕೆಸರಿನೊಳಗೆ. ತೂತಿಲ್ಲದ, 18–20 ಇಂಚು ಅಗಲ, 12 ಇಂಚು ಆಳದ ಟಬ್ಬಿಗೆ ಎಂಟು ಇಂಚು ಕೆರೆಗೋಡು ತುಂಬಿ ನೆಡುತ್ತಾರೆ. ಗೆಡ್ಡೆಯ ಬಳ್ಳಿ ಟಬ್ಬಿನ ಗೋಡೆಗುಂಟ ಸುತ್ತು ಹಾಕುತ್ತ ಹೋಗಿ, ಟಬ್ಬಿನ ಕಂಠ ನೀರಿನೊಳಗೆ ಮುಳುಗಿದ್ದರೆ ಒಂದು ದಿನ ಅದನ್ನು ಹತ್ತಿ ಆಚೆ ಇಳಿಯುತ್ತದೆ. ತಳದ ಹೂಳಿಗೆ ಇಳಿದ ತಾವರೆಯನ್ನು ಮತ್ತೆ ಹಿಡಿಯಬೇಕೆಂದರೆ ಕೊಳ ಖಾಲಿ ಮಾಡಬೇಕು. ಇಟ್ಟಿಗೆ ಜೋಡಿಸಿ ಟಬ್ಬಿನ ಕಂಠವನ್ನು ಕೊಳದ ನೀರಿಗಿಂತ ಒಂದೆರಡು ಇಂಚು ಮೇಲೆ ನಿಲ್ಲಿಸಿ, ಟಬ್ಬಿಗೆ ನೀರು ಪ್ರತ್ಯೇಕ ಹಾಕಿ. ಕಂಠದವರೆಗೆ ತುಂಬಿಸಿಟ್ಟರೆ ಮಣ್ಣಿನ ಮೇಲೆ ನಾಲ್ಕು ಇಂಚಿನ ಹತ್ತಿರ ನೀರು ನಿಲ್ಲುತ್ತದೆ, ತಾವರೆಗೆ ಅಷ್ಟು ಸಾಕು. ಜನವರಿ–ಫೆಬ್ರವರಿಯಲ್ಲಿ, ಹೊಸ ಚಿಗುರು ಬರುವ ಮೊದಲು ಗೆಡ್ಡೆ ಬಿಡಿಸಿ ಎರಡು ಮೂರು ಗೆಣ್ಣಿನ ತುಂಡನ್ನು ಮಾತ್ರ ಮತ್ತೆ ನೆಡಿ. ತಾವರೆಯ ಹಸಿರು ದಂಟನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಬೇಡಿ. ಟೊಳ್ಳು ದಂಟಿನಿಂದ ನೀರು ಇಳಿದು ಗೆಡ್ಡೆ ಕೊಳೆಯುತ್ತದೆ. ನೈದಿಲೆಗೆ ಈ ಭಯವಿಲ್ಲ, ಹಳದಿಯಾದ ಎಲೆಯನ್ನು ಬುಡದಿಂದಲೇ ತೆಗೆಯಬಹುದು.

ತಾವರೆಯ ದಂಟಿಗೆ ಕೆಡುಕಾದ ಇದೇ ಗುಣ ಜೊಂಡು ಕೊಲ್ಲಲು ಒದಗುತ್ತದೆ. ಗಾಳಿಯಲ್ಲಿ ಹಾರಿಬಂದ ಬೀಜದಿಂದ ಹುಟ್ಟುವ ಜೊಂಡನ್ನು ಮೊಳದುದ್ದ ಇರುವಾಗಲೇ ಕಿತ್ತರೆ ಆಯಿತು. ಬಿಟ್ಟರೆ ಅದರ ಗೆಡ್ಡೆಯ ಮೊನೆ ಸಿಲ್ಪಾಲಿನ್ ಹಾಳೆಯನ್ನೂ ಚುಚ್ಚಿಕೊಂಡು ಹೋಗುತ್ತದೆ, ಕೊಳ ಸೋರಲು ಶುರುವಾದಾಗಲೇ ಗೊತ್ತಾಗುವುದು. ಬಲಿತ ಜೊಂಡನ್ನು ಎಳೆದರೆ ಹಾಳೆಯೂ ಹರಿಯುತ್ತದೆ. ಅದರ ಬದಲು ನೀರಿನ ಮಟ್ಟದಿಂದ ಅರ್ಧ ಅಡಿ ಕೆಳಗೆ ಕತ್ತರಿಸಿ, ಒಣ ದಂಟುಗಳನ್ನೂ ಬಿಡಬೇಡಿ. ಗೆಡ್ಡೆಗೆ ಗಾಳಿ ಹೋಗುವುದು ಆ ದಂಟುಗಳಿಂದ. ಚಿಗುರಿದಂತೆಲ್ಲ ಎರಡು ಮೂರು ಸಲ ಹೀಗೆ ಮಾಡಿದರೆ ಉಸಿರು ಕಟ್ಟಿ ಸಾಯುತ್ತದೆ.

ನೀರಿನೊಳಗಿನ ಹೈಡ್ರಿಲ್ಲಾ ನಮ್ಮ ಕೆರೆಗಳದ್ದೇ ಗಿಡ. ಹಗಲು ಆಮ್ಲಜನಕ ಕೊಡುತ್ತದೆ, ಮರಿಮೀನಿಗೆ ಮರೆಯಾಗುತ್ತದೆ. ಆದರೆ ಕೊಳದ ಅರ್ಧಕ್ಕಿಂತ ಹೆಚ್ಚು ತುಂಬಿದರೆ ರಾತ್ರಿ ಅದೇ ಆಮ್ಲಜನಕ ತಿನ್ನುತ್ತದೆ. ಕುಂಟೆ ಹಾಕಿ ಎಳೆದರೆ ತುಂಡಾಗಿ ಪ್ರತಿ ತುಂಡೂ ಬೇರುಬಿಡುತ್ತದೆ. ಕೋಲಿಗೆ ಸುತ್ತಿಕೊಂಡು ಮೆಲ್ಲಗೆ ಮೇಲೆತ್ತಿ, ತೇಲಿದ ಚೂರುಗಳನ್ನು ಜರಡಿಯಿಂದ ಮೊಗೆಯಿರಿ. ಕೆಸರಿನೊಳಗೆ ಕಡಲೆಯಷ್ಟು ಸಣ್ಣ ಗಡ್ಡೆಗಳು ಉಳಿದಿರುತ್ತವೆ, ಹಾಗಾಗಿ ಒಮ್ಮೆ ತೆಗೆದರೆ ಮುಗಿಯಿತೆಂದು ತಿಳಿಯಬೇಡಿ. ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅಂದು ಆಹಾರ ಹಾಕಬೇಡಿ. ಐದನೇ ಒಂದು ಪಾಲು ನೀರು ಬದಲಿಸಿ, ಕೊಳದ ನೀರನ್ನೇ ಬಕೆಟ್ಟಿನಲ್ಲಿ ಎತ್ತಿ ಎತ್ತರದಿಂದ ಸುರಿಯುತ್ತಿರಿ. ಬಿಸಿಲೇರಿದ ಮೇಲೆ ಗಿಡ ಕಡಿಮೆ ಮಾಡಿ.

ಮೀನು, ಹುಳು, ಔಷಧ

ಹುಲ್ಲುಗೆಂಡೆ ಮೀನು ಬಿಡಿ, ಗಿಡವೆಲ್ಲ ತಿನ್ನುತ್ತದೆ ಎಂಬ ಸಲಹೆ ಬಹಳ ಕೇಳಿಬರುತ್ತದೆ. ತಿನ್ನುವುದು ನಿಜ. ಬೆಚ್ಚಗಿನ ನೀರಿನಲ್ಲಿ ದಿನಕ್ಕೆ ತನ್ನ ಮೈತೂಕದಷ್ಟು ಹಸಿರು ತಿನ್ನಬಲ್ಲದು. ಆದರೆ ಹೈಡ್ರಿಲ್ಲಾ, ಡಕ್‌ವೀಡ್, ಅಜೋಲಾ ಇಷ್ಟಪಡುತ್ತದೆ, ಹಯಸಿಂತ್ ಮುಟ್ಟುವುದು ಅಪರೂಪ. ತಿಂದದ್ದರಲ್ಲಿ ಅರ್ಧದಷ್ಟು ಜೀರ್ಣವಾಗದೆ ಹಿಕ್ಕೆಯಾಗಿ ನೀರಿಗೇ ಬರುತ್ತದೆ, ಅಂದರೆ ಗೊಬ್ಬರ ಕೊಳ ಬಿಟ್ಟು ಹೋಗುವುದೇ ಇಲ್ಲ, ಗಿಡವಾಗಿದ್ದದ್ದು ಪಾಚಿಯಾಗುತ್ತದೆ. ಕಿಲೋಗಟ್ಟಲೆ ಬೆಳೆಯುವ ಆ ಮೀನಿಗೆ 4,000 ಲೀಟರಿನ ಕೊಳ ಸಾಲುವುದೂ ಇಲ್ಲ. ಕೃಷಿಹೊಂಡಕ್ಕೆ ಒಪ್ಪುತ್ತದೆ, ಹಿತ್ತಲಿಗೆ ಬೇಡ.

ಎಲೆಯ ಮೇಲೆಲ್ಲ ನೆಟ್ಟಗೆ ನಿಂತ ರೋಮವಿದ್ದು ನೀರು ಮುತ್ತಿನಂತೆ ಉರುಳಿಹೋಗುವ ಸಾಲ್ವೀನಿಯಾ ನಿಮ್ಮ ಕೊಳಕ್ಕೆ ಬಂದಿದ್ದರೆ ಅದರ ಒಂದು ಚರಿತ್ರೆ ಬೆಂಗಳೂರಿನಲ್ಲೇ ಇದೆ. ಬ್ರೆಜಿಲ್ ಮೂಲದ ಈ ಗಿಡವನ್ನೇ ತಿಂದು ಬದುಕುವ ಪುಟ್ಟ ಮೂತಿಹುಳುವನ್ನು 1982ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿ, 1983–84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಬಿಟ್ಟರು. 11 ತಿಂಗಳಲ್ಲಿ ಸಾಲ್ವೀನಿಯಾ ಕುಸಿದು, ಅದರಡಿ ಸೊರಗಿದ್ದ ನೈದಿಲೆ ಮತ್ತೆ ಚಿಗುರಿತು. ಮುಂದೆ ಕೇರಳದ ಕಾಲುವೆಗಳಲ್ಲೂ ಅದೇ ಹುಳು ದೊಡ್ಡ ಕೆಲಸ ಮಾಡಿತು. ನಿಮ್ಮ ಸಾಲ್ವೀನಿಯಾದ ಮೊಗ್ಗು ಕಂದಾಗಿ, ಕಪ್ಪು ಮೂತಿಹುಳು ಕಂಡರೆ ಹಾಗೇ ಬಿಡಿ. ಆದರೆ 60 ಚದರ ಅಡಿಗೆ ಹುಳು ಹುಡುಕಿಕೊಂಡು ಹೋಗುವುದು ಬೇಕಿಲ್ಲ, ಎರಡು ವಾರ ಬಿಡದೆ ಜರಡಿ ಹಿಡಿದರೆ ಮುಗಿಯುತ್ತದೆ.

ಕಳೆನಾಶಕದ ಬಗ್ಗೆ ನಮ್ಮದು ಒಂದೇ ಮಾತು: ಮೀನಿರುವ ಕೊಳಕ್ಕೆ ಬೇಡ. ಗ್ಲೈಫೋಸೇಟ್ ಬಾಟಲಿಯಲ್ಲಿ ಎಲೆಗೆ ಅಂಟಲೆಂದು ಬೆರೆಸುವ ಸಾಬೂನಿನಂಥ ವಸ್ತುವೇ ಮೀನಿನ ಕಿವಿರಿಗೆ ವಿಷವಾಗಬಲ್ಲದು. ಔಷಧ ಮೀನನ್ನು ಕೊಲ್ಲದಿದ್ದರೂ ಒಟ್ಟಿಗೆ ಸತ್ತ ಗಿಡ ಕೊಲ್ಲುತ್ತದೆ: ಕೊಳೆಯುವ ರಾಶಿ ಎರಡು ಮೂರು ರಾತ್ರಿಯಲ್ಲಿ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಮೈಲುತುತ್ತ ಇನ್ನೂ ಅಪಾಯ; ಮಲೆನಾಡಿನ ಮೆದು ನೀರಿನಲ್ಲಿ ತಾಮ್ರದ ವಿಷ ಹೆಚ್ಚು ತೀಕ್ಷ್ಣ. ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆದ ಡ್ರಮ್ಮು, ಪಂಪು ತೊಳೆದ ನೀರು ಕೊಳದ ಕಡೆ ಹರಿಯದಂತೆ ನೋಡಿಕೊಳ್ಳಿ. ಉಪ್ಪು ಹಾಕುವವರೂ ಇದ್ದಾರೆ. ಡಕ್‌ವೀಡ್ ಸಾಯುವಷ್ಟು ಉಪ್ಪು ಹಾಕಿದರೆ ನೈದಿಲೆಯೂ ಉಳಿಯುವುದಿಲ್ಲ.

ಬರುವ ದಾರಿ, ಹೋಗುವ ದಾರಿ

ಡಕ್‌ವೀಡ್ ಬೇಕೆಂದು ತರುವವರು ಕಡಿಮೆ. ಅದು ಬರುವುದು ನರ್ಸರಿಯ ನೈದಿಲೆಯ ಜೊತೆ. ತಂದ ಗಿಡದ ಮಣ್ಣು ಪೂರ್ತಿ ತೊಳೆದು, ಎಲೆಯ ಅಡಿಗೆ ಅಂಟಿದ ಲೋಳೆಯಂಥ ಬಸವನಹುಳುವಿನ ಮೊಟ್ಟೆ ಒರೆಸಿ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ. ಒಂದು ಲೀಟರಿಗೆ ಒಂದು ಗ್ರಾಂ ಕರಗಿಸಿ ಇಟ್ಟುಕೊಂಡು, ಅದರಲ್ಲಿ 10 ಮಿಲಿಲೀಟರನ್ನು ಪ್ರತಿ ಲೀಟರ್ ನೀರಿಗೆ ಬೆರೆಸಿದರೆ ಅಳತೆ ತಪ್ಪುವುದಿಲ್ಲ. ಆ ನೀರು ಕೊಳಕ್ಕೆ ಬೀಳಬಾರದು. ಪರ್ಮ್ಯಾಂಗನೇಟ್ ಡಕ್‌ವೀಡನ್ನು ಖಾತ್ರಿಯಾಗಿ ಕೊಲ್ಲುವುದಿಲ್ಲ, ಆದ್ದರಿಂದ ಗಿಡವನ್ನು ಎರಡು ವಾರ ಬೇರೆ ಬಕೆಟ್ಟಿನಲ್ಲಿ ಇಟ್ಟು, ಹಸಿರು ಚುಕ್ಕೆ ಕಂಡಾಗಲೆಲ್ಲ ತೆಗೆದುಹಾಕಿ.

ಹೊರಹೋಗುವ ದಾರಿ ಮಳೆಗಾಲದ ವಿಷಯ. ಕೊಳ ತುಂಬಿ ಹರಿಯುವ ಪೈಪಿನ ಬಾಯಿಗೆ ಜಾಲರಿ ಮಾತ್ರ ಕಟ್ಟಿದರೆ ಮೊದಲ ಜೋರು ಮಳೆಗೆ ಗಿಡ ಬಂದು ಅಡರಿಕೊಳ್ಳುತ್ತದೆ, ನೀರು ದಂಡೆ ಮೇಲೆ ಹರಿದು ಮೀನೂ ಹೋಗುತ್ತದೆ. ಎರಡಿಂಚಿನ ಪೈಪಿಗೆ ಕೊಳದೊಳಗೆ ಒಂದು ಎಲ್ಬೋ ಹಾಕಿ, ಬಾಯಿ ಕೆಳಮುಖವಾಗಿ ನೀರಿನ ಮಟ್ಟಕ್ಕಿಂತ ಅರ್ಧ ಅಡಿ ಕೆಳಗೆ ಬರುವಂತೆ ಪೈಪು ಇಳಿಸಿ, ಜಾಲರಿಯನ್ನು ಅಲ್ಲಿ ಕಟ್ಟಿ. ತೇಲುವ ಗಿಡ ಆ ಆಳಕ್ಕೆ ಇಳಿಯುವುದಿಲ್ಲ. ಎಲ್ಬೋದ ನೆತ್ತಿಗೆ ಐದಾರು ಮಿಲಿಮೀಟರಿನ ಒಂದು ತೂತು ಕೊರೆಯುವುದನ್ನು ಮರೆಯಬೇಡಿ. ತೂತಿಲ್ಲದಿದ್ದರೆ ಪೈಪು ಸೈಫನ್ ಆಗಿ, ಮಳೆ ನಿಂತ ಮೇಲೂ ಅರ್ಧ ಅಡಿ ನೀರು ಖಾಲಿ ಮಾಡುತ್ತದೆ.

ಕೊಯ್ದ ಗಿಡ ಯಾವ ಕಾರಣಕ್ಕೂ ರಾಜಕಾಲುವೆ, ಹಳ್ಳ, ಕೆರೆಗೆ ಹೋಗಬಾರದು. ಬೆಳ್ಳಂದೂರು, ವರ್ತೂರು ಕೆರೆಗಳ ಮೇಲೆ ಹಯಸಿಂತ್ ಹಾಸಿದ್ದನ್ನು ಕಂಡವರಿಗೆ ಒಂದು ಗಿಡ ಏನು ಮಾಡಬಲ್ಲದೆಂದು ಬಿಡಿಸಿ ಹೇಳಬೇಕಿಲ್ಲ. ಚಪ್ಪಡಿ ಕಲ್ಲಿನ ಮೇಲೆ ಬೇರು ಮೇಲೆ ಮಾಡಿ ಮೂರ್ನಾಲ್ಕು ದಿನ ಬಿಸಿಲಿಗೆ ಹರಡಿ, ಬಾಡಿದ ಮೇಲೆ ಕೊಚ್ಚಿ. ಅಜೋಲಾ ಹಸುವಿಗೆ, ಡಕ್‌ವೀಡ್ ಕೋಳಿಗೆ ಹಾಕಬಹುದು, ಕೊಳಕ್ಕೆ ಔಷಧವಾಗಲಿ ಚರಂಡಿ ನೀರಾಗಲಿ ಸೇರಿರದಿದ್ದರೆ ಮಾತ್ರ. ಹಯಸಿಂತ್, ಅಂತರಗಂಗೆಯಲ್ಲಿ ಬಾಯಿ ತುರಿಸುವ ಆಕ್ಸಲೇಟ್ ಹರಳು ಇರುವುದರಿಂದ ಅವು ಗೊಬ್ಬರಕ್ಕೇ ಸರಿ: ಕೊಚ್ಚಿದ ಗಿಡ ಮೂರು ಪಾಲು, ಒಣ ಎಲೆ ಒಂದು ಪಾಲು, ನಡುನಡುವೆ ಸೆಗಣಿ ಬಗ್ಗಡ, ಹದಿನೈದು ದಿನಕ್ಕೊಮ್ಮೆ ತಿರುವು. ಒಣ ಎಲೆ ಸೇರಿಸದೆ ಹಸಿಯೇ ಗುಡ್ಡೆ ಹಾಕಿದರೆ ನೀರೊಸರಿ ನಾರುತ್ತದೆ. ಈ ಗುಂಡಿ ಕೊಳಕ್ಕಿಂತ ತಗ್ಗಿನಲ್ಲಿ, ಹನ್ನೆರಡು ಅಡಿಯಾದರೂ ದೂರ ಇರಲಿ. ದಂಡೆಯ ಮೇಲೇ ರಾಶಿ ಹಾಕುವವರು ವಾರವೆಲ್ಲ ಕೊಯ್ದ ಗೊಬ್ಬರವನ್ನು ಒಂದೇ ಮಳೆಗೆ ಕೊಳಕ್ಕೆ ವಾಪಸು ಕೊಟ್ಟಿರುತ್ತಾರೆ.